ಮತ್ತೊಮ್ಮೆ ಫ್ಯಾಂಡ್ರಿ ನೋಡಿ

ನಿನ್ನೆ ರಾತ್ರಿ ಮನ್ಯಾಗ ಮತ್ತೊಮ್ಮೆ 'ಫ್ಯಾಂಡ್ರಿ' ನೋಡ್ದೆ. 2013ರ ಮರಾಠಿ ಸಿನಿಮಾ. ನಿರ್ದೇಶಕ ನಾಗರಾಜ ಮಂಜುಳೆ ನಮ್ಮ ವಿಜಯಪುರದ ಬಾಜೂಕಿನ ಸೊಲ್ಲಾಪುರ ಜಿಲ್ಲೆಯವರು. ಜಬ್ಯಾನ ಮನೆಯವರು ಹಂದಿ ಹೊತ್ತು ಹೋಗುವಾಗ ಹಿಂದೆ ಶಾಲೆ ಗೋಡೆ ಮೇಲೆ ಬಾಬಾಸಾಹೇಬರ ಚಿತ್ರ! ತಿಕೋಟಾದಿಂದ ಬಂದಿದ್ದ ಅವ್ವ "ಸ್ವಲ್ಪ ನಿಲ್ಲಸಪಾ" ಅಂದ್ಳು. ಕಣ್ಣು ಒರೆಸಿಕೊಂಡು "ಹೂಂ, ಹಚ್ಚು" ಅಂದ್ಳು.

ಕನ್ನಡದಾಗ 1975ರಲ್ಲೇ 'ಚೋಮನ ದುಡಿ' ಬಂತು, ಸ್ವರ್ಣಕಮಲನೂ ಬಂತು. ದೊಡ್ಡ ಸಿನಿಮಾನೇ, ಇಲ್ಲ ಅನ್ನಂಗಿಲ್ಲ. ಆದ್ರ ಉಳುವ ಭೂಮಿ ಸಿಗದೆ ಚೋಮ ದುಡಿ ಬಡೀತ ಸಾಯ್ತಾನ, ನಾವು ಮರುಗ್ತೀವಿ. ಜಬ್ಯಾ ಹಂಗಲ್ಲ, ಕಲ್ಲು ತಗೊಂಡು ನೋಡೋರ ಮುಖಕ್ಕ ಒಗೀತಾನ. ನನಗ ಆ ಕಲ್ಲು ಕನ್ನಡದಾಗ ಬೇಕು. ತಿಕೋಟಾ, ಬಬಲೇಶ್ವರದ ನಮ್ಮ ಹುಡುಗರ ಕೈಯಾಗ ಮೊಬೈಲ್ ಐತಿ. ರೀಲ್ಸ್ ಸಾಕು, ನಿಮ್ಮ ಓಣಿ ಕತಿ ತೆಗೀರಿ.