ಶೀಲವನ್ನು ಕಳಚಿಟ್ಟ ಧ್ಯಾನ

ಧರ್ಮವೊಂದು ಕಾಲಕ್ಕೆ ತಕ್ಕಂತೆ ತನ್ನ ರೂಪವನ್ನು ಬದಲಿಸಿಕೊಳ್ಳುವುದು ದೋಷವಲ್ಲ. ಆದರೆ ಬದಲಾವಣೆಯ ಹೆಸರಿನಲ್ಲಿ ಅಡಿಪಾಯವನ್ನೇ ಕಿತ್ತು, ಕಲಶವನ್ನು ಮಾತ್ರ ಮಾರಾಟಕ್ಕಿಟ್ಟರೆ ಅದನ್ನು ಸುಧಾರಣೆಯೆಂದು ಹೇಗೆ ಕರೆಯುವುದು? ‘ಮೈಂಡ್‌ಫುಲ್‌ನೆಸ್’ ಎಂಬ ಹೆಸರಿನಿಂದ ಪಾಶ್ಚಾತ್ಯ ಜಗತ್ತಿನಲ್ಲಿ ಪ್ರಚುರವಾಗಿರುವ ಬೌದ್ಧ ಧ್ಯಾನಕ್ಕೆ ಒದಗಿರುವ ಗತಿ ಇದೇ.

ಈ ಧ್ಯಾನಪ್ರಸಾರದ ಒಂದು ಮುಖ್ಯ ಮೂಲವಿರುವುದು ಬರ್ಮಾ ದೇಶದಲ್ಲಿ. 1885ರಲ್ಲಿ ಬ್ರಿಟಿಷರು ಮಾಂಡಲೆಯನ್ನು ಗೆದ್ದು ದೊರೆ ಥೀಬಾನನ್ನು ರತ್ನಗಿರಿಗೆ ಗಡೀಪಾರು ಮಾಡಿದಾಗ ಭಿಕ್ಷುಸಂಘಕ್ಕೆ ರಾಜಾಶ್ರಯ ತಪ್ಪಿತು. ಇನ್ನು ಧರ್ಮವನ್ನು ಗೃಹಸ್ಥರೂ ಕಾಯಬೇಕೆಂದು ಬಗೆದ ಲೇಡಿ ಸಯಾಡೊ (1846–1923) ಊರೂರು ಸುತ್ತಿ ಉಪಾಸಕರಿಗೆ ಅಭಿಧಮ್ಮವನ್ನೂ ಧ್ಯಾನವನ್ನೂ ಬೋಧಿಸಿದರು. ಅವರ ಪರಂಪರೆಯಲ್ಲಿ ಬಂದ ಊ ಬ ಖಿನ್ ಸ್ವತಂತ್ರ ಬರ್ಮಾದ ಮಹಾಲೇಖಪಾಲರು. ಅವರ ಶಿಷ್ಯ ಸತ್ಯನಾರಾಯಣ ಗೋಯೆಂಕಾ ವ್ಯಾಪಾರಸ್ಥರು. 1969ರಲ್ಲಿ ಭಾರತಕ್ಕೆ ಬಂದ ಗೋಯೆಂಕಾ ಆರಂಭಿಸಿದ ಹತ್ತು ದಿನಗಳ ಶಿಬಿರಗಳಲ್ಲಿ ಇಂದಿಗೂ ಶೀಲಗ್ರಹಣವೇ ಮೊದಲ ವಿಧಿ. ವಿಹಾರದ ವಿದ್ಯೆ ಗೃಹಸ್ಥರ ಕೈಸೇರಿತು, ಶೀಲ ಕೈತಪ್ಪಲಿಲ್ಲ. ಆಧುನಿಕತೆಯೊಂದೇ ಅಪರಾಧಿಯಲ್ಲವೆಂಬುದಕ್ಕೆ ಇದೇ ಸಾಕ್ಷಿ.

1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಜಾನ್ ಕಬಾಟ್-ಜಿನ್ ಅವರು ದೀರ್ಘಕಾಲದ ನೋವಿನಿಂದ ಬಳಲುವ ರೋಗಿಗಳಿಗಾಗಿ ಧ್ಯಾನವನ್ನು ಬೌದ್ಧ ಪರಿಭಾಷೆಯಿಂದ ಬಿಡಿಸಿ ಚಿಕಿತ್ಸಾಕ್ರಮವಾಗಿ ಅಳವಡಿಸಿದರು. ಆರ್ತರ ನೋವನ್ನು ತಗ್ಗಿಸುವುದು ಕರುಣೆಯ ಕಾರ್ಯ, ಅದಕ್ಕೆ ಆಕ್ಷೇಪವಿರಲಾರದು. ಆದರೆ ಧ್ಯಾನವು ಆಸ್ಪತ್ರೆಯಲ್ಲಿಯೇ ನಿಲ್ಲಲಿಲ್ಲ. 2007ರಲ್ಲಿ ಗೂಗಲ್ ಸಂಸ್ಥೆಯ ನೌಕರರಿಗೆ ಅದರ ತರಗತಿಗಳು ಆರಂಭವಾದವು. ಯುದ್ಧಭೂಮಿಗೆ ಹೊರಡಲಿದ್ದ ಅಮೆರಿಕದ ಮೆರೀನ್ ಸೈನಿಕರಿಗೆ ಅದನ್ನು ಕಲಿಸಿ, ಅವರ ಮನಸ್ಸಿನ ಕಾರ್ಯಕ್ಷಮತೆ ಉಳಿಯುವುದೇ ಎಂದು ಪರೀಕ್ಷಿಸಿದ ಅಧ್ಯಯನವು 2010ರಲ್ಲಿ ಪ್ರಕಟವಾಯಿತು.

ಬುದ್ಧನು ತೋರಿದ ಅಷ್ಟಾಂಗ ಮಾರ್ಗದಲ್ಲಿ ಸಮ್ಯಕ್ ಸ್ಮೃತಿಯು ಏಳನೆಯ ಅಂಗ. ಅದಕ್ಕೆ ಮುನ್ನ ಸಮ್ಯಕ್ ಕರ್ಮವಿದೆ, ಸಮ್ಯಕ್ ಆಜೀವವಿದೆ. ಶಸ್ತ್ರ, ಪ್ರಾಣಿ, ಮಾಂಸ, ಮದ್ಯ, ವಿಷ ಇವುಗಳ ವ್ಯಾಪಾರವು ಉಪಾಸಕನಿಗೆ ವರ್ಜ್ಯವೆಂದು ಅಂಗುತ್ತರನಿಕಾಯವು ವಿಧಿಸುತ್ತದೆ. ಸಂಯುತ್ತನಿಕಾಯದಲ್ಲಿ ಸೈನಿಕರ ಮುಖಂಡನೊಬ್ಬನು, ರಣದಲ್ಲಿ ಮಡಿದವನಿಗೆ ಸ್ವರ್ಗವುಂಟೇ ಎಂದು ಬುದ್ಧನನ್ನು ಕೇಳುತ್ತಾನೆ. ಎರಡು ಬಾರಿ ಉತ್ತರಿಸಲೊಲ್ಲದ ಬುದ್ಧನು ಮೂರನೆಯ ಬಾರಿ, ಕೊಲ್ಲಬೇಕೆಂಬ ಚಿತ್ತದಿಂದ ಹೋರಾಡಿ ಸತ್ತವನಿಗೆ ನರಕವೇ ಎನ್ನುತ್ತಾನೆ. ಮುಖಂಡನು ಅಳುತ್ತಾನೆ. ಇಂದಿನ ಶಿಕ್ಷಕನು ಅದೇ ಸೈನಿಕನಿಗೆ ಉಸಿರಾಟವನ್ನು ಗಮನಿಸಲು ಹೇಳಿ, ಉಳಿದುದರ ಬಗೆಗೆ ಮೌನವಾಗಿರುತ್ತಾನೆ.

ಶಾಂತಚಿತ್ತನಾದ ಸೈನಿಕನು ನಿರಪರಾಧಿಗಳನ್ನು ಕೊಲ್ಲಲಾರನೆಂದೂ, ಧ್ಯಾನದಿಂದ ಕರುಣೆಯು ತಾನಾಗಿಯೇ ಉದಿಸುವುದೆಂದೂ ಸಮರ್ಥಕರು ವಾದಿಸುತ್ತಾರೆ. ಮೊದಲ ಮಾತಿನಲ್ಲಿ ಸ್ವಲ್ಪ ಸತ್ಯವಿರಬಹುದು. ಎರಡನೆಯದಕ್ಕೆ ಇತಿಹಾಸದ ಬೆಂಬಲವಿಲ್ಲ. ಯುದ್ಧಕಾಲದಲ್ಲಿ ಜಪಾನಿನ ಸೈನ್ಯವನ್ನು ಬೆಂಬಲಿಸಿದ ತಪ್ಪಿಗಾಗಿ ಅಲ್ಲಿನ ಝೆನ್ ಪಂಥದ ಮ್ಯೋಶಿನ್‌ಜಿ ಶಾಖೆಯು 2001ರಲ್ಲಿ ಬಹಿರಂಗವಾಗಿ ಕ್ಷಮೆ ಯಾಚಿಸಬೇಕಾಯಿತು. ಅಲ್ಲಿ ಧ್ಯಾನಕ್ಕೆ ಕೊರತೆಯಿತ್ತೇ? ಮೀನಿಗಾಗಿ ಒಂಟಿಕಾಲಿನಲ್ಲಿ ನಿಂತ ಕೊಕ್ಕರೆಗೂ ಏಕಾಗ್ರತೆಯಿದೆ. ಬಕಧ್ಯಾನವೆಂಬ ಮಾತು ಹುಟ್ಟಿದ್ದು ಅದರಿಂದಲೇ. ಸ್ಮೃತಿಯಲ್ಲಿಯೂ ಮಿಥ್ಯಾ ಸ್ಮೃತಿಯುಂಟೆಂದು ಬೌದ್ಧಾಗಮವೇ ಎಚ್ಚರಿಸಿದೆ.

ಶೀಲವನ್ನು ಕೈಬಿಡಲು ಕಾರಣ ಸ್ಪಷ್ಟ. ಧ್ಯಾನಕ್ಕೆ ಶುಲ್ಕ ತೆರುವವರುಂಟು. ‘ನಿನ್ನ ವ್ಯವಹಾರ ಶುದ್ಧವೇ?’ ಎಂಬ ಪ್ರಶ್ನೆಗೆ ಹಣ ತೆತ್ತು ಕಿವಿಗೊಡುವವರಿಲ್ಲ. ಆದ್ದರಿಂದ ನೌಕರನ ಒತ್ತಡವನ್ನು ಶಮನಗೊಳಿಸುತ್ತಾರೆ, ಒತ್ತಡವನ್ನು ಹುಟ್ಟಿಸಿದ ಲೋಭವನ್ನು ಮುಟ್ಟುವುದಿಲ್ಲ. ಧ್ಯಾನವನ್ನು ಕಂಪನಿಗೂ ದಂಡಿನ ಪಾಳೆಯಕ್ಕೂ ಒಯ್ಯುವವರು ಒಯ್ಯಲಿ. ಆದರೆ ಪಂಚಶೀಲವನ್ನೂ ಜೊತೆಗೇ ಒಯ್ಯಲಿ. ಅದನ್ನು ಕಂಡು ಬಾಗಿಲು ಮುಚ್ಚುವ ಮನೆಗೆ ಬುದ್ಧನ ಹೆಸರನ್ನು ಹೊತ್ತು ಹೋಗುವ ಅಧಿಕಾರ ಯಾರಿಗೂ ಇಲ್ಲ.