ಪ್ರೇಕ್ಷಕನ ಬಾಯಿ ಕಟ್ಟಿದರೆ ಮೊದಲು ಸೊರಗುವುದು ಸಣ್ಣ ಸಿನಿಮಾ

2025ರ ಡಿಸೆಂಬರ್‌ನಲ್ಲಿ ಕನ್ನಡದ ‘ದಿ ಡೆವಿಲ್’ ತೆರೆಗೆ ಬಂದಾಗ ಟಿಕೆಟ್ ಆ್ಯಪ್ ಬುಕ್‌ಮೈಶೋದಲ್ಲಿ ಆ ಚಿತ್ರಕ್ಕೆ ಅಂಕ ಕೊಡುವ, ಅಭಿಪ್ರಾಯ ಬರೆಯುವ ಅವಕಾಶವೇ ಇರಲಿಲ್ಲ. ನ್ಯಾಯಾಲಯದ ಆದೇಶದಂತೆ ಅದನ್ನು ತಡೆಹಿಡಿಯಲಾಗಿತ್ತು. ನಕಲಿ ಅಂಕಗಳ ಬಗ್ಗೆ ನಿರ್ಮಾಪಕರಿಗಿರುವ ಆತಂಕ ಸುಳ್ಳಲ್ಲ. ಚಿತ್ರ ನೋಡದೆಯೇ ನಕಲಿ ಖಾತೆಗಳಿಂದ ಕಡಿಮೆ ಅಂಕ ಸುರಿದು ಒಂದು ತಂಡದ ದುಡಿಮೆಯನ್ನು ಮಣ್ಣುಪಾಲು ಮಾಡುವವರು ಇದ್ದಾರೆ. ಆದರೆ ಈ ತಡೆ ಅವರ ಜೊತೆಗೆ, ದುಡ್ಡು ಕೊಟ್ಟು ಟಿಕೆಟ್ ಪಡೆದು ಕೂತವರ ಬಾಯನ್ನೂ ಕಟ್ಟಿತು. ಇದು ರೂಢಿಯಾಗುವ ಮೊದಲೇ ಎಚ್ಚೆತ್ತುಕೊಳ್ಳಬೇಕು.

ಪಕ್ಕದ ರಾಜ್ಯದಲ್ಲೂ ಇದೇ ಗಾಳಿ ಬೀಸಿದೆ. ದೊಡ್ಡ ಚಿತ್ರಗಳು ಮಕಾಡೆ ಮಲಗಿದ ಮೇಲೆ, 2024ರ ನವೆಂಬರ್‌ನಲ್ಲಿ ತಮಿಳು ನಿರ್ಮಾಪಕರ ಸಂಘ ಚಿತ್ರಮಂದಿರದ ಆವರಣಕ್ಕೆ ಯೂಟ್ಯೂಬರ್‌ಗಳನ್ನು ಬಿಡಬೇಡಿ ಎಂದಿತು. ಬಿಡುಗಡೆಯಾದ ಮೊದಲ ಮೂರು ದಿನ ವಿಮರ್ಶೆಗೆ ತಡೆ ಬೇಕೆಂಬ ಬೇಡಿಕೆ ಮದ್ರಾಸ್ ಹೈಕೋರ್ಟ್ ಮೆಟ್ಟಿಲೇರಿತು. ಅಭಿಪ್ರಾಯ ಹೇಳುವ ಸ್ವಾತಂತ್ರ್ಯವನ್ನು ಎತ್ತಿ ಹಿಡಿದ ನ್ಯಾಯಾಲಯ ಮಧ್ಯಂತರ ತಡೆ ನೀಡಲಿಲ್ಲ. ಕನ್ನಡ ಚಿತ್ರರಂಗ ಮನನ ಮಾಡಿಕೊಳ್ಳಬೇಕಾದ ನಿಲುವು ಇದು.

ಏಕೆಂದರೆ ಪ್ರೇಕ್ಷಕ ಮೌನವಾದರೆ ದೊಡ್ಡ ತಾರೆಯ ಚಿತ್ರಕ್ಕೆ ಹೆಚ್ಚಿನ ನಷ್ಟವಿಲ್ಲ. ಅದಕ್ಕೆ ಕಟೌಟ್ ಇದೆ, ಜಾಹೀರಾತು ಇದೆ, ಬೆಳಗಿನ ಜಾವದ ಆಟಕ್ಕೇ ಸಾಲು ನಿಲ್ಲುವ ಅಭಿಮಾನಿಗಳಿದ್ದಾರೆ. ಸಣ್ಣ ಚಿತ್ರಕ್ಕೆ ಇರುವುದು ಬಾಯಿಮಾತು ಒಂದೇ. 2015ರಲ್ಲಿ ಹೊಸಬರ ‘ರಂಗಿತರಂಗ’ ತೆರೆಕಂಡ ಮರುವಾರವೇ ‘ಬಾಹುಬಲಿ’ ಬಂತು. ಆ ಅಬ್ಬರದ ನಡುವೆಯೂ ‘ರಂಗಿತರಂಗ’ವನ್ನು ಉಳಿಸಿದವರು ನೋಡಿ ಬಂದವರು. 2025ರ ಜುಲೈನಲ್ಲಿ ‘ಸು ಫ್ರಮ್ ಸೋ’ ತಂಡ ಬಿಡುಗಡೆಗೆ ಮುನ್ನವೇ ಕೆಲವು ಊರುಗಳಲ್ಲಿ ಪ್ರೀಮಿಯರ್ ಇಟ್ಟು, ಜನರ ಮಾತನ್ನೇ ಪ್ರಚಾರವಾಗಿ ನಂಬಿತು. ಆ ನಂಬಿಕೆ ಹುಸಿಯಾಗಲಿಲ್ಲ. ಆಟಗಳು ಹೆಚ್ಚುತ್ತಲೇ ಹೋದವು. ‘ಚೆನ್ನಾಗಿಲ್ಲ’ ಎನ್ನಲು ಬಿಡದ ಕಡೆ ‘ಚೆನ್ನಾಗಿದೆ’ ಎಂಬ ಮಾತಿಗೂ ಬೆಲೆ ಇರದು.

ಪ್ರೇಕ್ಷಕರ ಮಾತಿನ ಬೆಲೆ ಕಳೆಯುವ ಇನ್ನೆರಡು ದಾರಿಗಳಿವೆ. ಒಂದು, ಕಾಸಿಗೆ ಹೊಗಳುವುದು. ಹಣ ಅಥವಾ ಉಡುಗೊರೆ ಪಡೆದು ಪ್ರಚಾರ ಮಾಡುವವರು ಅದನ್ನು ಸ್ಪಷ್ಟವಾಗಿ ತಿಳಿಸಬೇಕೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲೇ ಮಾರ್ಗಸೂಚಿ ಹೊರಡಿಸಿದೆ. ಸಿನಿಮಾ ರೀಲ್‌ಗಳಲ್ಲಿ ಅದರ ಪಾಲನೆ ಕಾಣುವುದು ಅಪರೂಪ. ಇನ್ನೊಂದು, ಅಭಿಮಾನದ ಹೆಸರಿನ ಬೈಗುಳ. ನೆಚ್ಚಿನ ನಟನ ಚಿತ್ರ ಹಿಡಿಸಲಿಲ್ಲ ಎಂದವರ ಮೇಲೆ, ಅದರಲ್ಲೂ ಹೆಣ್ಣುಮಕ್ಕಳ ಮೇಲೆ, ಮುಗಿಬೀಳುವುದು. ಒಮ್ಮೆ ಬೈಸಿಕೊಂಡವರು ಮತ್ತೆ ಬರೆಯಲು ಹಿಂಜರಿಯುತ್ತಾರೆ.

ಪುಸ್ತಕ, ಧಾರಾವಾಹಿಗಳ ಕತೆಯೂ ಬೇರೆಯಲ್ಲ. ಕಾದಂಬರಿ ಬಿಡುಗಡೆಯಾದ ದಿನ ಗೆಳೆಯರ ಪ್ರಶಂಸೆ ಹರಿಯುತ್ತದೆ. ಓದಿ ಮುಗಿಸಿದವರ ತಕರಾರು ಎಲ್ಲೂ ಕಾಣುವುದಿಲ್ಲ. ಧಾರಾವಾಹಿಯ ಹಣೆಬರಹವನ್ನು ಟಿಆರ್‌ಪಿ ಬರೆಯುತ್ತದೆ. ಕಂತು ನೋಡಿ ಬೇಸತ್ತವರ ಮಾತಿಗೆ ಜಾಗವಿಲ್ಲ. ತಕರಾರನ್ನೇ ಕೇಳದ ಲೇಖಕ, ನಿರ್ದೇಶಕ ಬೆಳೆಯುವುದು ಹೇಗೆ?

ಈಗಲೇ ಮಾಡಬಹುದಾದ ಕೆಲಸಗಳಿವೆ. ಟಿಕೆಟ್ ಕೊಂಡವರಿಗಷ್ಟೇ ಅಂಕ ನೀಡುವ ಅವಕಾಶವನ್ನು ಆ್ಯಪ್‌ಗಳು ಬಿಗಿಯಾಗಿ ಜಾರಿಗೆ ತರಲಿ. ನಿರ್ಮಾಪಕರು ಕಾನೂನಿನ ಮೊರೆ ಹೋಗುವುದಾದರೆ ನಕಲಿ ಖಾತೆಗಳ ವಿರುದ್ಧ ಹೋಗಲಿ, ಪ್ರೇಕ್ಷಕರ ವಿರುದ್ಧ ಅಲ್ಲ. ಹಣ ಪಡೆದವರು ಹಾಗೆಂದು ಹೇಳಲಿ. ತಾರೆಯರು ತಮ್ಮ ಹೆಸರಿನಲ್ಲಿ ಬೈಯುವವರನ್ನು ಬಾಯಿಬಿಟ್ಟು ಖಂಡಿಸಲಿ.

ಓದುಗರಲ್ಲೂ ಒಂದು ಕೋರಿಕೆ. ನೋಡಿದ್ದರ ಬಗ್ಗೆ, ಓದಿದ್ದರ ಬಗ್ಗೆ ಅಂಜದೆ ಬರೆಯಿರಿ. ಹಿಡಿಸಿದ್ದು ಯಾಕೆ, ಹಿಡಿಸದ್ದು ಯಾಕೆ ಎಂದು ಕಾರಣ ಕೊಡಿ. ಕಲಾವಿದರ ಮೈಬಣ್ಣ, ಜಾತಿ, ಖಾಸಗಿ ಬದುಕನ್ನು ಎಳೆದು ತರಬೇಡಿ. ಕಾರಣ ಕೊಟ್ಟು ಆಡುವ ನಿಮ್ಮ ನಾಲ್ಕು ಮಾತು ಕನ್ನಡದ ಸಣ್ಣ ಚಿತ್ರಗಳಿಗೂ ಹೊಸ ಕಾದಂಬರಿಗಳಿಗೂ ಇರುವ ದೊಡ್ಡ ಆಸರೆ. ಅದನ್ನು ಬಿಟ್ಟುಕೊಡಬೇಡಿ.