ಪುಣೆಗೆ ಹೋಗ್ಯಾನ ಅನ್ನುವ ಮನೆಗಳು

ನಂದೂರ ಸುತ್ತಮುತ್ತಲಿನ ಊರುಗಳಿಂದ ಹುಡುಗರು ದುಡಿಯಲು ಪುಣೆ, ಮುಂಬೈಗೆ ಹೋಗುವುದು ಹೊಸದಲ್ಲ. ಹಾಗಾಗಿ ಮಗ ಕಲಬುರಗಿ ಕೇಂದ್ರ ಕಾರಾಗೃಹದಲ್ಲಿದ್ದರೂ ‘ಪುಣೆಗೆ ಹೋಗ್ಯಾನ್ರೀ’ ಎಂದುಬಿಡುವುದು ಸುಲಭ. ಕಷ್ಟ ಆಮೇಲೆ. ದೀಪಾವಳಿಗೆ ಯಾಕೆ ಬರಲಿಲ್ಲ? ಶರಣಬಸವೇಶ್ವರರ ಜಾತ್ರೆಗೂ ಯಾಕಿಲ್ಲ? ಒಂದು ಸುಳ್ಳನ್ನು ಇಡೀ ಮನೆ ಸೇರಿ ಕಾಯಬೇಕು, ಶಾಲೆಗೆ ಹೋಗುವ ಮಕ್ಕಳೂ ಸಹ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ, 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದವರು 5,73,220 ಮಂದಿ. ಅವರಲ್ಲಿ 4,34,302 ಮಂದಿ ವಿಚಾರಣಾಧೀನ ಕೈದಿಗಳು. ಅಂದರೆ ನಾಲ್ವರಲ್ಲಿ ಮೂವರಿಗೆ ಇನ್ನೂ ತೀರ್ಪೇ ಬಂದಿರಲಿಲ್ಲ. ಶಿಕ್ಷೆಯಾದವನ ಮನೆಗೆ ಇಷ್ಟು ವರ್ಷ ಎಂಬ ಲೆಕ್ಕವಾದರೂ ಇರುತ್ತದೆ. ವಿಚಾರಣಾಧೀನ ಕೈದಿಯ ತಾಯಿಗೆ ಇರುವುದು ಮುಂದಿನ ತಾರೀಖು ಮಾತ್ರ. ಅಮೆರಿಕದ ಸಂಶೋಧಕಿ ಪಾಲಿನ್ ಬಾಸ್, 1970ರ ದಶಕದಲ್ಲಿ ಯುದ್ಧದಲ್ಲಿ ನಾಪತ್ತೆಯಾದ ಸೈನಿಕರ ಕುಟುಂಬಗಳನ್ನು ಅಧ್ಯಯನ ಮಾಡಿ ಇಂಥ ಸ್ಥಿತಿಯನ್ನು ‘ಅಸ್ಪಷ್ಟ ನಷ್ಟ’ ಎಂದರು. ಮನುಷ್ಯ ಸತ್ತಿಲ್ಲ, ಮನೆಯಲ್ಲೂ ಇಲ್ಲ. ಸತ್ತರೆ ಊರೇ ಬಂದು ಕೂತು ಅಳುತ್ತದೆ. ಜೈಲಿಗೆ ಹೋದರೆ ದಿನಾ ಬರುತ್ತಿದ್ದ ಗೆಳೆಯರೂ ಆ ಓಣಿ ಬಿಟ್ಟು ಬೇರೆ ಓಣಿ ಹಿಡಿಯುತ್ತಾರೆ.

2024ರ ಆಗಸ್ಟ್‌ನಲ್ಲಿ ನಟ ದರ್ಶನ್ ಅವರನ್ನು ಬಳ್ಳಾರಿ ಜೈಲಿಗೆ ಸ್ಥಳಾಂತರಿಸಿದಾಗ ಭೇಟಿಗೆ ಬಂದ ಮನೆಯವರ ಹಿಂದೆಯೂ ಕ್ಯಾಮೆರಾಗಳಿದ್ದವು. ಅದೇ ಪ್ರಕರಣದ ಮತ್ತೊಬ್ಬ ಆರೋಪಿಯನ್ನು ಕಲಬುರಗಿಗೆ ಕಳುಹಿಸಲಾಯಿತು. ಕೊಲೆಯಾದವರ ಮನೆಯ ದುಃಖಕ್ಕೆ ಹೋಲಿಕೆಯಿಲ್ಲ, ನಿಜ. ಆದರೆ ಆರೋಪಿಯ ಹೆಂಡತಿ, ಮಕ್ಕಳು ಏನು ಮಾಡಿದ್ದರು? ಹೆಸರಿಲ್ಲದವರ ಮನೆಗಳಿಗೆ ಟಿ.ವಿ. ಬೇಡ, ಒಂದು ವಾಟ್ಸ್‌ಆ್ಯಪ್ ಸ್ಟೇಟಸ್ ಸಾಕು.

ನಮ್ಮ ವಯಸ್ಸಿನವರಿಗೆ ಇನ್ನೊಂದು ಭಯ: ಅಣ್ಣನ ಕೇಸಿನಿಂದ ನನ್ನ ಸರ್ಕಾರಿ ನೌಕರಿ ಹೋಗುತ್ತದೆಯೇ? ನೇಮಕಾತಿಯ ಪೊಲೀಸ್ ಪರಿಶೀಲನೆಯಲ್ಲಿ ಮುಖ್ಯವಾಗುವುದು ಅಭ್ಯರ್ಥಿಯ ಸ್ವಂತ ಪ್ರಕರಣಗಳು. ಆದರೂ ಈ ಭಯ ಓದುವ ಮೇಜಿನ ಮೇಲೆ ಪುಸ್ತಕದ ಜೊತೆಗೇ ಕೂತಿರುತ್ತದೆ.

ಗುಟ್ಟು ಕಾಯುವುದರ ನಿಜವಾದ ಬೆಲೆ ಬೇರೆಯೇ ಇದೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ ಪ್ರಕಾರ, ಹಿಂದೆ ಯಾವ ಅಪರಾಧದಲ್ಲೂ ಶಿಕ್ಷೆಯಾಗಿರದ ಆರೋಪಿಯು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಜೈಲಿನಲ್ಲೇ ಕಳೆದಿದ್ದರೆ ಬಾಂಡ್ ಮೇಲೆ ಬಿಡುಗಡೆಗೆ ಅರ್ಹ. ಮರಣದಂಡನೆ, ಜೀವಾವಧಿ ಶಿಕ್ಷೆಯ ಪ್ರಕರಣಗಳಿಗೆ ಮತ್ತು ಒಂದಕ್ಕಿಂತ ಹೆಚ್ಚು ಕೇಸಿದ್ದವರಿಗೆ ಇದು ಅನ್ವಯಿಸದು. ಬಂಧನದಲ್ಲಿರುವವರಿಗೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ವಕೀಲರೂ ಉಚಿತ, ಆದಾಯದ ಮಿತಿಯಿಲ್ಲ. ಮಗ ಪುಣೆಯಲ್ಲಿದ್ದಾನೆ ಎಂದು ಹೇಳಿಕೊಂಡ ತಾಯಿ ಇದನ್ನೆಲ್ಲ ಯಾರ ಹತ್ತಿರ ಹೋಗಿ ಕೇಳಬೇಕು?